ಫಲಕದ ಮೇಲೆ ‘ನಿಧಾನ’ ಅಂತ ಬರೆದರೆ ಸಾಲದು: ದೋಣಿ ಸಂಚಾರದ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಅಧಿಕಾರಿಗಳೇ,

ನಮಸ್ಕಾರ. ನಮ್ಮ ಲಗೂನಿನಲ್ಲಿ, ಅಂದರೆ ಕಡಲಿಗೆ ಸೇರಿದ ಈ ಹಿನ್ನೀರಿನಲ್ಲಿ, ವಿಹಾರದ ದೋಣಿಗಳಿಗೆ ಪರವಾನಗಿ ಕೊಡುವವರು ನೀವು. ವೇಗದ ಫಲಕ ನೆಡುವವರೂ ನೀವೇ. ಅದಕ್ಕೇ ಈ ಪತ್ರ ನಿಮಗೆ. ದೋಣಿ ಓಡಿಸುವವರ ಕಣ್ಣಿಗೂ ಬೀಳಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಂದು ಬೆಳಗ್ಗೆ ಮಗಳಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಿದ್ದೆ. ಕಾಲುವೆ ಕಿರಿದಾಗುವ ತಿರುವಿನಲ್ಲಿ ಒಂದು ಮೋಟಾರು ದೋಣಿ ಎದುರಾಯಿತು. ಅದರಲ್ಲಿದ್ದವರು ಕೆಟ್ಟವರೇನಲ್ಲ. ನಮ್ಮನ್ನು ನೋಡಿ ವೇಗ ತಗ್ಗಿಸಿದರು, ಕೈಯನ್ನೂ ಬೀಸಿದರು. ಅವರು ದಾಟಿಹೋದ ಮೇಲೆ ಅಲೆ ಬಂತು. ಮೊದಲನೆಯದು ಪಕ್ಕದಿಂದ ಬಡಿದು ದೋಣಿಯೊಳಗೆ ಸುರಿಯಿತು. ಎರಡನೆಯದಕ್ಕೆ ಮಗಳು ಕೂತಲ್ಲಿಂದ ಜಾರಿದಳು. ನೀರಿಗೆ ಬೀಳಲಿಲ್ಲ, ಲೈಫ್ ಜಾಕೆಟ್ ಕೂಡ ಹಾಕಿದ್ದಳು. ಆದರೆ ಈಗಲೂ ಆ ತಿರುವು ಹತ್ತಿರ ಬಂತೆಂದರೆ ಹುಟ್ಟನ್ನು ನನ್ನ ಕೈಗೆ ಕೊಟ್ಟುಬಿಡುತ್ತಾಳೆ.

ವೇಗ ತಗ್ಗಿಸಿದರೂ ಹೀಗೇಕಾಯಿತು? ನಿಮ್ಮ ಫಲಕದ ತೊಂದರೆ ಇರುವುದೇ ಇಲ್ಲಿ. ಸ್ಪೀಡ್ ಬೋಟು ಪೂರ್ತಿ ವೇಗದಲ್ಲಿದ್ದಾಗ ನೀರಿನ ಮೇಲೆ ಜಾರುತ್ತಾ ಹೋಗುತ್ತದೆ. ತೀರಾ ನಿಧಾನವಾದರೆ ಸಮವಾಗಿ ಕೂತು ಸುಮ್ಮನೆ ತೇಲುತ್ತದೆ. ಇವೆರಡರ ನಡುವಿನ ವೇಗವೇ ಅಪಾಯ. ಆಗ ದೋಣಿಯ ಮೂತಿ ಮೇಲೇಳುತ್ತದೆ, ಹಿಂಭಾಗ ಕುಸಿಯುತ್ತದೆ, ಅದು ನೀರನ್ನು ಉತ್ತುಕೊಂಡು ಹೋಗುತ್ತದೆ. ಅತಿ ದೊಡ್ಡ ಅಲೆ ಏಳುವುದು ಆಗಲೇ. ಓಡಿಸುವವರಿಗೆ ತಾವು ನಿಧಾನವಾಗಿದ್ದೇವೆ ಅನ್ನಿಸಿರುತ್ತದೆ. ‘ನಿಧಾನ’ ಎಂಬ ಫಲಕ ಅವರನ್ನು ಸರಿಯಾಗಿ ಆ ಕೆಟ್ಟ ವೇಗಕ್ಕೇ ತಂದು ನಿಲ್ಲಿಸುತ್ತದೆ.

ಅದರ ಬದಲು ‘ಅಲೆ ಎಬ್ಬಿಸಬೇಡಿ’ ಅಂತ ಬರೆಸಿ. ಕೆಳಗೆ ಇನ್ನೊಂದು ಸಾಲು ಇರಲಿ: ‘ಮೂತಿ ಕೆಳಗಿಳಿದಿದೆಯಾ? ಒಮ್ಮೆ ಹಿಂದೆ ತಿರುಗಿ ನೋಡಿ.’ ಇದಕ್ಕೆ ವೇಗ ಅಳೆಯುವ ಯಂತ್ರ ಬೇಡ. ದೋಣಿ ಓಡಿಸುವವರಿಗೂ ದಡದಲ್ಲಿ ನಿಂತ ನಿಮ್ಮ ಸಿಬ್ಬಂದಿಗೂ ಕಣ್ಣಿಗೇ ಕಾಣುತ್ತದೆ. ಅಮೆರಿಕದಲ್ಲಿ ಇಂಥ ‘ನೋ ವೇಕ್’ ವಲಯಗಳು ಎಷ್ಟೋ ಕಡೆ ಇವೆ. ತಾನು ಎಬ್ಬಿಸಿದ ಅಲೆಯಿಂದಾದ ಹಾನಿಗೆ ಓಡಿಸಿದವನೇ ಹೊಣೆ ಅನ್ನುವುದೂ ಅಲ್ಲಿ ಇದೆ.

ಅಲೆ ಅಂದರೆ ಸಣ್ಣ ವಿಷಯ ಅನ್ನಿಸಬಹುದು. ಇಟಲಿಯ ವೆನಿಸ್ ಲಗೂನಿನಲ್ಲಿ ಈ ಕಾಟಕ್ಕೆ ‘ಮೋತೊ ಒಂದೋಸೊ’ ಎಂಬ ಹೆಸರೇ ಇದೆ. ಮೋಟಾರು ದೋಣಿಗಳ ಅಲೆ ಅಲ್ಲಿ ಕಟ್ಟಡಗಳ ಬುಡವನ್ನೂ ಕೆಸರು ದಿಬ್ಬಗಳನ್ನೂ ಸವೆಸುತ್ತದೆ. ಇದನ್ನು ವಿರೋಧಿಸಿಯೇ ಅಲ್ಲಿನ ಜನ 1975ರಲ್ಲಿ ‘ವೋಗಾಲೋಂಗಾ’ ಶುರು ಮಾಡಿದರು. ಅದು ಸ್ಪರ್ಧೆಯಲ್ಲ. ಹುಟ್ಟು ಹಾಕುವ ದೋಣಿಗಳೆಲ್ಲ ಸೇರಿ ಸುಮಾರು 30 ಕಿಲೋಮೀಟರು ಸಾಗುತ್ತವೆ, ಅಷ್ಟೇ. ಆ ದೃಶ್ಯ ನೆನೆದರೆ ನನಗೆ ಧೈರ್ಯ ಬರುತ್ತದೆ.

ಬಾಡಿಗೆ ದೋಣಿಗಳ ವಿಷಯಕ್ಕೂ ಬರಬೇಕು. ಕೀಲಿ ಕೈಗೆ ಕೊಡುವ ಮೊದಲು ಹತ್ತು ನಿಮಿಷ ಹೇಳಿಕೊಡುವುದನ್ನು ಪರವಾನಗಿಯ ಷರತ್ತಾಗಿ ಮಾಡಿ. ಎದುರುಬದುರು ಬಂದ ಎರಡು ಮೋಟಾರು ದೋಣಿಗಳು ಎರಡೂ ಬಲಕ್ಕೆ ತಿರುಗಬೇಕು. ಇದು 1972ರ ಅಂತರರಾಷ್ಟ್ರೀಯ ನಿಯಮ. ರಸ್ತೆಯ ಅಭ್ಯಾಸದಲ್ಲಿ ಎಡಕ್ಕೆ ಹೊರಳುವವರು ಎಷ್ಟು ಜನ ಇರುತ್ತಾರೆ, ಅಲ್ವಾ? ನೀರಿನ ಮೇಲೆ ಬೈಕಿನಂತೆ ಕೂತು ಓಡಿಸುವ ಜೆಟ್ ಸ್ಕೀ ಇನ್ನೂ ಅಪಾಯ. ಅದು ತಿರುಗುವುದು ಹಿಂದಿನಿಂದ ಚಿಮ್ಮುವ ನೀರಿನ ಬಲದಿಂದ. ಗಾಬರಿಯಲ್ಲಿ ಥ್ರಾಟಲ್ (ವೇಗ ಕೊಡುವ ಹಿಡಿ) ಪೂರ್ತಿ ಬಿಟ್ಟು ಹ್ಯಾಂಡಲ್ ತಿರುಗಿಸಿದರೆ ತಿರುಗುವುದಿಲ್ಲ, ಎದುರಿದ್ದವರ ಮೇಲೇ ನೇರ ಹೋಗುತ್ತದೆ. ಹೊಸಬರಿಗೆ ಇದು ಹೇಗೆ ಗೊತ್ತಾಗಬೇಕು? ಯಾರಾದರೂ ಹೇಳಲೇಬೇಕು. ಬಿದ್ದರೆ ಎಂಜಿನ್ ನಿಲ್ಲಿಸುವ ದಾರವನ್ನು ಮೈಗೆ ಕಟ್ಟಿಕೊಳ್ಳುವುದನ್ನೂ ಆಗಲೇ ತೋರಿಸಲಿ. ಲೈಫ್ ಜಾಕೆಟ್ ಸೀಟಿನ ಕೆಳಗಿದ್ದರೆ ಇಲ್ಲದಂತೆಯೇ ಲೆಕ್ಕ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿನಲ್ಲಿ ಅದು ತಲೆಯ ಮೇಲಕ್ಕೆ ಜಾರಿಬಿಡುತ್ತದೆ. ಮಕ್ಕಳ ಅಳತೆಯವು ಇರಲೇಬೇಕು.

ಲಗೂನು ಕಡಲಿಗೆ ತೆರೆದುಕೊಳ್ಳುವ ಅಳಿವೆಯ ಬಾಯಿಯಲ್ಲಿ ದಿನದ ಉಬ್ಬರ ಇಳಿತದ ಸಮಯ ಬರೆದು ಹಾಕಿ. ಒಳಗೆ ಕೊಳದಂತೆ ನಿಂತ ನೀರು ಇಳಿತದಲ್ಲಿ ಆ ಬಾಯಿಯಿಂದ ರಭಸವಾಗಿ ಹೊರಹೋಗುತ್ತದೆ. ಕಯಾಕ್ ಎಂಬ ಕಿರಿದಾದ ಹುಟ್ಟು ದೋಣಿಯವರು ಎಷ್ಟು ಹುಟ್ಟು ಹಾಕಿದರೂ ಹಿಂದಕ್ಕೇ ಎಳೆಯುತ್ತದೆ. ಹೊರಹೋಗುವ ನೀರಿಗೆ ಎದುರಾಗಿ ಗಾಳಿ ಬೀಸಿದರಂತೂ ಅಲೆಗಳು ಕಡಿದಾಗಿ ಏಳುತ್ತವೆ.

ದಂಡ ಹಾಕಿ ಅಂತ ನಾನು ಮೊದಲು ಕೇಳುವುದಿಲ್ಲ. ಆವತ್ತು ಕೈ ಬೀಸಿದವರಿಗೆ ತಿಳಿದಿದ್ದರೆ ಅವರು ಇನ್ನೂ ನಿಧಾನ ಮಾಡುತ್ತಿದ್ದರು ಅನ್ನುವ ನಂಬಿಕೆ ನನಗಿದೆ. ತಿಳಿಸಿ ಮೂರು ತಿಂಗಳಾದ ಮೇಲೂ ಅಲೆ ಎಬ್ಬಿಸುವವರಿಗೆ ಧಾರಾಳವಾಗಿ ದಂಡ ಹಾಕಿ.

ಎಲ್ಲ ಫಲಕಗಳನ್ನೂ ಒಟ್ಟಿಗೆ ಬದಲಿಸಲು ಆಗದಿದ್ದರೆ ಕಾಲುವೆಯ ಆ ತಿರುವಿನಿಂದ ಶುರು ಮಾಡಿ. ಬೆಳಗ್ಗೆ ಅಲ್ಲಿ ಹುಟ್ಟು ಕಲಿಯುವ ಮಕ್ಕಳು ಜಾಸ್ತಿ.

ಇಂತಿ,
ಹುಟ್ಟು ದೋಣಿಯ ಒಬ್ಬ ತಂದೆ