ದೋಣಿ ಬಂತು, ನೀರಿಗೂ ಇಳಿಯಿತು: ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಹಾಯಿದೋಣಿ ಅಷ್ಟು ದೂರ ಟ್ರೇಲರ್ ಮೇಲೆ ಬಂದು, ನಿನ್ನೆ ಮಧ್ಯಾಹ್ನ ನೀರಿಗಿಳಿಯಿತು. ಒಂದು ಗೀರೂ ಬಿದ್ದಿಲ್ಲ. "ಏನಾಯ್ತು, ಬಂತಾ?" ಅಂತ ಕೇಳುತ್ತಲೇ ಇದ್ದವರಿಗೆಲ್ಲ ಸುದ್ದಿ ಇಷ್ಟೇ. ಇನ್ನು ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಮೊದಲು ಟ್ರೇಲರ್ ಓಡಿಸಿದವರಿಗೆ. ಇವರಿಗಿಂತ ಮುಂಚೆ ಮಾತಾಡಿದ್ದ ಒಬ್ಬರು ಉದ್ದವನ್ನಷ್ಟೇ ಕೇಳಿ, ತೀರಾ ಕಡಿಮೆ ಬಾಡಿಗೆ ಹೇಳಿ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಇವರೋ, ಬಾಡಿಗೆ ಹೇಳುವ ಮುಂಚೆ ನನ್ನ ತಲೆ ತಿಂದುಬಿಟ್ಟರು. ಕೀಲ್, ಅಂದರೆ ದೋಣಿಯ ಹೊಟ್ಟೆಯಡಿ ಕೆಳಕ್ಕೆ ಚಾಚಿರುವ ಭಾರದ ರೆಕ್ಕೆ, ಅದರ ತಳದಿಂದ ಕ್ಯಾಬಿನ್ ನೆತ್ತಿಯವರೆಗೆ ಎತ್ತರ ಎಷ್ಟು? ಜಾಸ್ತಿ ಅಗಲ ಇರುವ ಕಡೆ ಎಷ್ಟು? ತೂಕ ಕಾಗದದಲ್ಲಿ ಬರೆದಿದ್ದಾ, ಕ್ರೇನಿನಲ್ಲಿ ತೂಗಿದ್ದಾ? ಮೂತಿಯ ಕಂಬಿ ಬಿಚ್ಚಲು ಬರುತ್ತಾ? ಟೇಪ್ ಹಿಡಿದು ದೋಣಿಯ ಸುತ್ತ ಓಡಾಡುವಾಗ ಸಿಟ್ಟೇ ಬಂದಿತ್ತು. ಆದರೆ ನೀರಿನೊಳಗೆ ಅಡಗಿರುವ ಕೀಲ್ ಟ್ರೇಲರ್ ಮೇಲೆ ಪೂರಾ ಎತ್ತರವಾಗಿ ನಿಲ್ಲುತ್ತದೆ. ಅದರ ಕೆಳಗೆ ಟ್ರೇಲರಿನ ಎತ್ತರ ಬೇರೆ. ಸೇತುವೆ ಕೆಳಗೆ ನುಸುಳಬೇಕಾದ್ದು ಅಷ್ಟೂ ಸೇರಿ, ಅಲ್ವಾ?

ಪರ್ಮಿಟ್ ಮಾಡಿಸಿಕೊಟ್ಟ ಮೇಡಂಗೆ ದೊಡ್ಡ ನಮಸ್ಕಾರ. ಬಹಳಷ್ಟು ದೇಶಗಳಲ್ಲಿ ಅಗಲ ಎರಡೂವರೆ ಮೀಟರ್ ಆಸುಪಾಸು ದಾಟಿತೆಂದರೆ ವಿಶೇಷ ಅನುಮತಿ ಬೇಕು. ಅದರಲ್ಲಿ ಯಾವ ರಸ್ತೆ, ಯಾವ ಹೊತ್ತು ಅಂತಲೂ ಬರೆದಿರುತ್ತದೆ.

ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಅದನ್ನು ಇಳಿಸಿಕೊಟ್ಟ ಗೆಳೆಯನ ಕೆಲಸ ನೋಡುವ ಹಾಗಿತ್ತು. ಕಂಬವನ್ನು ಹಿಡಿದಿಡುವ ಒಂದೊಂದು ತಂತಿ ಸಡಿಲಿಸುವ ಮುಂಚೆ ತಿರುಪಿನ ಎಳೆ ಎಷ್ಟು ಹೊರಗಿದೆ ಅಂತ ಎಣಿಸಿ, ಬಣ್ಣದ ಟೇಪ್ ಸುತ್ತಿ, ಅದರ ಮೇಲೇ ಬರೆದ. ಕಂಬದ ಅಡ್ಡತೋಳು ಬಿಚ್ಚಿ, ತುದಿಯ ಆಂಟೆನಾ ತೆಗೆದು, ಬೆಲ್ಟ್ ಬಿಗಿಯುವ ಕಡೆಯೆಲ್ಲ ಹಳೆ ಕಾರ್ಪೆಟ್ ಸುತ್ತಿದ. ದೋಣಿಗೆ ಟಾರ್ಪಾಲು ಹೊದಿಸೋಣ ಅಂದಿದ್ದಕ್ಕೆ ಖಡಾಖಂಡಿತ ಬೇಡ ಅಂದ. ಹೆದ್ದಾರಿಯ ಗಾಳಿಗೆ ಅದು ಪಟಪಟ ಬಡಿದು ಮರಳುಕಾಗದದ ಹಾಗೆ ಬಣ್ಣ ಉಜ್ಜಿ ಹಾಕುತ್ತದಂತೆ. ಅದರ ಬದಲು ಕಿಟಕಿ, ಮುಚ್ಚಳಗಳಿಗೆಲ್ಲ ಟೇಪ್ ಹಚ್ಚಿದೆವು. ನೀರಿನ ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿ ತಂತಿ ಕಿತ್ತಿಟ್ಟೆವು.

ಎರಡೂ ಕಡೆ ಕ್ರೇನ್ ಹಿಡಿದವರಿಗೆ ಎಷ್ಟು ಹೇಳಿದರೂ ಸಾಲದು. ಎತ್ತುವ ಪಟ್ಟಿ ಪ್ರೊಪೆಲರ್ ಶಾಫ್ಟ್ ಮೇಲಾಗಲಿ ಚುಕ್ಕಾಣಿ ಮೇಲಾಗಲಿ ಕೂರಬಾರದು ಅಂತ ಬಗ್ಗಿ ಬಗ್ಗಿ ನೋಡಿದರು. ಭಾರವೆಲ್ಲ ಕೀಲ್ ಕೆಳಗಿನ ಮರದ ದಿಮ್ಮಿಗಳ ಮೇಲೆ ಕೂರಬೇಕು. ಪಕ್ಕದ ಪ್ಯಾಡುಗಳು ದೋಣಿ ವಾಲದಂತೆ ಹಿಡಿಯುವುದಕ್ಕಷ್ಟೇ. ಒಂದು ದಿಮ್ಮಿ ಸ್ವಲ್ಪ ಓರೆಯಾಗಿತ್ತು. ಯಾರೂ ಹೇಳದೆಯೇ ಮತ್ತೆ ಎತ್ತಿ, ಅದನ್ನು ಸರಿ ಮಾಡಿ ಇಳಿಸಿದರು. ಆ ಹೊತ್ತಿಗೆ ಮಳೆ ಬೇರೆ.

ಮಾಸ್ಟ್ ನಿಲ್ಲಿಸುವುದು ಈ ಶನಿವಾರ. ಕೈ ಹಾಕುತ್ತೇವೆ ಅಂದವರು ಬೆಳಿಗ್ಗೆ ಬೇಗ ಬನ್ನಿ, ಗಾಳಿ ಏಳುವ ಮುಂಚೆ ಮುಗಿಸಬೇಕು.