ಕೀಮೋ ಕುರ್ಚಿಯ ಪಕ್ಕ ಒಬ್ಬರಿಗಾದರೂ ಜಾಗ ಇರಲಿ

ಮಾನ್ಯರೇ,

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ನನ್ನ ಸ್ತನ ಕ್ಯಾನ್ಸರ್‌ಗೆ ಎರಡು ಕೀಮೋ ಆಗಿತ್ತು. ಬಸ್ಸು ನಿಂತಿತು. ಪಾಸ್ ಮಾಡಿಸಿಕೊಂಡು ತಮ್ಮನ ಗೂಡ್ಸ್ ಆಟೊದಲ್ಲೇ ತುಮಕೂರಿನಿಂದ ಬೆಂಗಳೂರಿಗೆ ಹೋದೆವು. ಆಸ್ಪತ್ರೆಯಲ್ಲಿ ಮಗಳನ್ನು ಗೇಟಿನಲ್ಲೇ ನಿಲ್ಲಿಸಿದರು. ಡ್ರಿಪ್ ಹನಿ ನೋಡುತ್ತಾ ನಾಲ್ಕು ಗಂಟೆ ಒಬ್ಬಳೇ ಕೂತಿದ್ದೆ. ಪಕ್ಕದ ಅಜ್ಜಿಗೆ ನೀರು ಕೊಡಲೂ ಹೆದರಿಕೆ.

ಕೀಮೋ ಆದವರಿಗೆ ಸೋಂಕು ಬೇಗ ತಗಲುತ್ತದೆ, ಕಾಳಜಿ ಬೇಕು ನಿಜ. ಆದರೆ ಬೋಳು ತಲೆ ನೋಡಿ ನನಗೇ ಕೊರೊನಾ ಅಂದುಕೊಂಡು ಬೀದಿಯವರು ಬಾಗಿಲು ಹಾಕಿಕೊಂಡರು. ಎದುರು ಮನೆಯಾಕೆ ಮಾತ್ರ ದಿನಾ ಕಾಂಪೌಂಡ್ ಮೇಲೆ ಗಂಜಿ ಇಟ್ಟು, ದೂರ ನಿಂತು ‘ಅಕ್ಕಾ, ಬಿಸಿ ಇದೆ, ತಗೊಳ್ಳಿ’ ಅನ್ನುತ್ತಿದ್ದರು. ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಮತ್ತೆ ಇಂಥ ಕಾಲ ಬಂದರೆ, ಟೆಸ್ಟ್ ಮಾಡಿಸಿದ ಒಬ್ಬರನ್ನಾದರೂ ರೋಗಿಯ ಜೊತೆ ಒಳಗೆ ಬಿಡುವ ನಿಯಮವನ್ನು ಸರ್ಕಾರ ಈಗಲೇ ಮಾಡಲಿ.

– ನೊಂದ ಓದುಗರೊಬ್ಬರು, ತುಮಕೂರು