ಮೂರು ಗಂಟೆಯ ಮುಸ್ಸಂಜೆ

ಹೆಲ್ಸಿಂಕಿ, ಫಿನ್‌ಲ್ಯಾಂಡ್
ಮಾರ್ಚ್ 10

ಅಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ಫೋನ್ ಇರುವಾಗ ಪತ್ರ ಯಾಕೆ ಅಂತ ನಗಬೇಡ. ಫೋನಿನಲ್ಲಿ ಪುಟ್ಟಿ ಮಾತು ಮುಗಿಸುವಷ್ಟರಲ್ಲಿ ನಿನ್ನ ಒಲೆ ಮೇಲಿನದ್ದು ಸೀದಿರುತ್ತದೆ. ಆಮೇಲೆ ನನ್ನ ಪಾಲಿಗೆ ಉಳಿಯುವುದು "ಸರಿ, ಇಡ್ತೀನಿ" ಅಷ್ಟೇ. ಇದನ್ನು ಅಜ್ಜಿಗೂ ಓದಿ ಹೇಳು.

ಯಾವ ತಿಂಗಳು ಬಂದರೆ ಒಳ್ಳೆಯದು ಅಂತ ಅಪ್ಪ ಕೇಳಿದ್ದರಲ್ಲ, ಅದಕ್ಕೇ ಬರೆಯಲು ಕೂತೆ. ಇಲ್ಲಿ ತಿಂಗಳು ಆರಿಸುವುದು ಅಂದರೆ ಚಳಿ ಲೆಕ್ಕ ಹಾಕುವುದಲ್ಲ. ಚಳಿಗೆ ಕೋಟು ಸಿಗುತ್ತದೆ. ಬೆಳಕಿನ ಲೆಕ್ಕ ಹಾಕಬೇಕು.

ನಮ್ಮೂರು ಸಾಗರದಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಒಂದೂಮುಕ್ಕಾಲು ಗಂಟೆಯಷ್ಟೂ ವ್ಯತ್ಯಾಸ ಇಲ್ಲ. ಇಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ 9:24ಕ್ಕೆ, ಮುಳುಗುವುದು ಮಧ್ಯಾಹ್ನ 3:13ಕ್ಕೆ. ಆರು ಗಂಟೆಯೂ ತುಂಬುವುದಿಲ್ಲ. ಜೂನ್‌ನಲ್ಲಿ ಅದೇ ಹಗಲು ಸುಮಾರು 19 ಗಂಟೆ. ಇನ್ನೂ ಉತ್ತರದಲ್ಲಿ, ಈ ದೇಶದ ತುದಿಯ ಉತ್ಸ್‌ಯೋಕಿಯಲ್ಲಿ, ಚಳಿಗಾಲದ ಒಂದೂವರೆ ತಿಂಗಳಿಗೂ ಜಾಸ್ತಿ ಸೂರ್ಯ ತಲೆಯನ್ನೇ ಎತ್ತುವುದಿಲ್ಲ. ನಾವಿರುವುದು ದಕ್ಷಿಣದ ಅಂಚಿನಲ್ಲಿ. ನಮ್ಮದು ಸುಖದ ಸಂಸಾರ ಅಂತ ಇಲ್ಲಿಯವರು ಹೇಳುತ್ತಾರೆ.

"ಸೂರ್ಯ ಎಲ್ಲಿ ಹೋಗ್ತಾನೆ ಹಂಗಾದ್ರೆ?" ಅಂತ ಅಜ್ಜಿ ಕೇಳಿದ್ದಕ್ಕೆ ಅವತ್ತು ಸರಿಯಾಗಿ ಹೇಳಲು ಬರಲಿಲ್ಲ. ಈಗ ಹೇಳುತ್ತೇನೆ. ದೇವರ ದೀಪ ಹಚ್ಚಿಟ್ಟು, ಜುಟ್ಟಿರುವ ಒಂದು ತೆಂಗಿನಕಾಯಿಯನ್ನು ಓರೆಯಾಗಿ ಹಿಡಿದು ದೀಪದ ಸುತ್ತ ಒಯ್ಯಲಿ. ಜುಟ್ಟು ಯಾವಾಗಲೂ ಅದೇ ಗೋಡೆಯ ಕಡೆಗೇ ವಾಲಿರಬೇಕು. ಒಂದು ಕಡೆ ಬಂದಾಗ ಜುಟ್ಟು ದೀಪದತ್ತ ಬಾಗುತ್ತದೆ, ಎದುರು ಕಡೆಗೆ ಹೋದಾಗ ದೀಪದಿಂದ ಆಚೆ ತಿರುಗುತ್ತದೆ. ಕಾಯಿಯ ಹೊಟ್ಟೆ ಭಾಗಕ್ಕೆ ಮಾತ್ರ ಯಾವಾಗಲೂ ಬೆಳಕು ಸಿಗುತ್ತದೆ. ನೀವು ಹೊಟ್ಟೆಯ ಹತ್ತಿರ ಇದ್ದೀರಿ, ನಾವು ಜುಟ್ಟಿನ ಹತ್ತಿರ. ಭೂಮಿ ವಾಲಿರುವುದು ಇಪ್ಪತ್ಮೂರೂವರೆ ಡಿಗ್ರಿ ಅಷ್ಟೇ. ಅಷ್ಟಕ್ಕೇ ಇಷ್ಟೆಲ್ಲ.

ಅಪ್ಪ ಮನೆಯ ದಿಕ್ಕು ಕೇಳಿದ್ದರು. ಪೂರ್ವದ ಬಾಗಿಲೇ. ಆದರೆ ಏನು ಪ್ರಯೋಜನ? ಡಿಸೆಂಬರ್‌ನಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ ನೈಋತ್ಯದಲ್ಲಿ ಮುಳುಗುತ್ತಾನೆ. ಜೂನ್‌ನಲ್ಲಿ ಈಶಾನ್ಯದಲ್ಲಿ ಹುಟ್ಟಿ, ಊರೆಲ್ಲ ಸುತ್ತಿ ವಾಯವ್ಯಕ್ಕೆ ಹೋಗುತ್ತಾನೆ. ವಾಸ್ತು ಬರೆದವರು ಈ ಕಡೆ ಬಂದಿರಲಿಕ್ಕಿಲ್ಲ. ಚಳಿಗಾಲದಲ್ಲಿ ಅವನು ಮೇಲೆ ಏರುವುದೇ ಇಲ್ಲ, ಮನೆಗಳ ಮಾಡು ಸವರಿಕೊಂಡು ಹೋಗುತ್ತಾನೆ. ಊರಿನಲ್ಲಿ ಏಪ್ರಿಲ್ ಕೊನೆಗೆ ನೆರಳು ಕಾಲಡಿಗೆ ಸೇರಿಬಿಡುತ್ತದೆ ಅಲ್ವಾ? ಇಲ್ಲಿ ಡಿಸೆಂಬರ್‌ನ ನಡುಮಧ್ಯಾಹ್ನವೂ ನೆರಳು ನಮ್ಮ ಎತ್ತರದ ಒಂಬತ್ತು ಪಟ್ಟು. ಪುಟ್ಟಿಯ ನೆರಳು ಅಡಿಕೆ ಮರದ ಹಾಗೆ ಬಿದ್ದಿರುತ್ತದೆ. ಅದೂ ಮೋಡ ಇಲ್ಲದಿದ್ದರೆ.

ಮೊದಲ ವರ್ಷದ ಒಂದು ಕಥೆ ನಿನಗೆ ಹೇಳಿರಲಿಲ್ಲ. ಒಂದು ಶನಿವಾರ ಊಟ ಮಾಡಿ ಸುಮ್ನೆ ಸ್ವಲ್ಪ ಹೊತ್ತು ಅಂತ ಮಲಗಿದೆ. ಎಚ್ಚರಾದಾಗ ಕಗ್ಗತ್ತಲೆ. ಗಡಿಯಾರದಲ್ಲಿ ಐದು. ಬೆಳಗಾಯಿತು ಅಂದುಕೊಂಡು ಮುಖ ತೊಳೆದು, ಡಿಕಾಕ್ಷನ್ ಹಾಕಿ, ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟೆ. ಇವರು ಟಿವಿ ಮುಂದಿನಿಂದ ಎದ್ದು ಬಂದು "ಸಂಜೆಗೆ ಉಪ್ಪಿಟ್ಟಾ?" ಅಂದಾಗಲೇ ಗೊತ್ತಾದದ್ದು. ನಾನು ನಗಲಿಲ್ಲ, ಅಳು ಬಂತು. ಉಪ್ಪಿಟ್ಟು ಮಾತ್ರ ಚೆನ್ನಾಗಿ ಆಗಿತ್ತು.

ನವೆಂಬರ್‌ನಲ್ಲಿ "ಯಾಕೆ ಸ್ವರ ಹೀಗಿದೆ, ಜಗಳ ಏನಾದರೂ ಆಯ್ತಾ?" ಅಂತ ಕೇಳುತ್ತೀಯಲ್ಲ, ಜಗಳ ಏನಿಲ್ಲ. ಡಿಸೆಂಬರ್‌ಗಿಂತ ನವೆಂಬರ್ ಕಷ್ಟ. ಹಿಮ ಬಿದ್ದರೆ ನೆಲವಾದರೂ ಬೆಳ್ಳಗಿರುತ್ತದೆ, ಬೀದಿದೀಪದ ಬೆಳಕು ಎರಡು ಪಟ್ಟಾಗುತ್ತದೆ. ನವೆಂಬರ್‌ನಲ್ಲಿ ಬರೀ ಮಳೆ, ಕೆಸರು, ಮೋಡ. ಆ ತಿಂಗಳಿಗೆ ಇಲ್ಲಿಯವರ ಭಾಷೆಯಲ್ಲಿ ಮರ್ರಸ್ಕೂ ಅನ್ನುತ್ತಾರೆ, ಸಾವಿನ ತಿಂಗಳು ಅನ್ನುವ ಹಾಗೆ. ಎಷ್ಟು ನೇರ ಮಾತಿನ ಜನ ನೋಡು. ಕತ್ತಲಲ್ಲಿ ನಡೆದು ಹೋಗುವವರು ಹೊಳೆಯುವ ಬಿಲ್ಲೆ ತೂಗುಹಾಕಿಕೊಳ್ಳಬೇಕು ಅಂತ ಕಾನೂನೇ ಇದೆ. ಕಾರಿನ ಬೆಳಕು ಬಿದ್ದರೆ ಮಿಂಚುತ್ತದೆ. ಪುಟ್ಟಿಯ ಕೋಟಿನಲ್ಲಿ ಮೂರು ನೇತಾಡುತ್ತವೆ, ಉತ್ಸವ ಮೂರ್ತಿಯ ಹಾಗೆ. ಹಾಲಿಗೂ ವಿಟಮಿನ್ ಡಿ ಸೇರಿಸಿಯೇ ಮಾರುತ್ತಾರೆ, ಆ ಚಿಂತೆ ಬಿಡು.

ಉತ್ತರಾಯಣ ಅನ್ನುವುದು ನನಗೆ ಅಲ್ಲಿರುವಾಗ ಪಂಚಾಂಗದ ಒಂದು ಪದವಾಗಿತ್ತು. ಎಳ್ಳು ಬೆಲ್ಲ ತಿಂದರೆ ಮುಗಿಯಿತು. ಇಲ್ಲಿ ಸಂಕ್ರಾಂತಿ ಹೊತ್ತಿಗೆ ಹಗಲು ಮುಕ್ಕಾಲು ಗಂಟೆಯಷ್ಟು ಉದ್ದ ಆಗಿರುತ್ತದೆ. ಆಫೀಸಿನಲ್ಲಿ ಎಲ್ಲರೂ ಕಿಟಕಿಗೆ ಬಂದು ನೋಡುತ್ತಾರೆ. ಮಾರ್ಚ್ ಬಂತೆಂದರೆ ದಿನಕ್ಕೆ ಐದೂವರೆ ನಿಮಿಷ ಸೇರುತ್ತಾ ಹೋಗುತ್ತದೆ. ವಾರಕ್ಕೆ ಅರ್ಧ ಗಂಟೆಗೂ ಜಾಸ್ತಿ! ಇವತ್ತಿನ ನಮ್ಮ ಹಗಲು ಸುಮಾರು ನಿಮ್ಮ ಡಿಸೆಂಬರ್ ಹಗಲಿನಷ್ಟಿದೆ. ಇನ್ನು ಎಂಟು ಒಂಬತ್ತು ದಿನಕ್ಕೆ ನಿಮಗೂ ನಮಗೂ ಸರಿಸಮ. ಆಮೇಲೆ ನಿಮ್ಮನ್ನು ಹಿಂದೆ ಹಾಕುತ್ತೇವೆ.

ಜೂನ್‌ನಲ್ಲಿ ಕರೆಸಿಕೋ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಬೇಡ ಅನಿಸುತ್ತದೆ. ಸೂರ್ಯ ಮುಳುಗುವುದು ರಾತ್ರಿ 10:50ಕ್ಕೆ, ಹುಟ್ಟುವುದು ಬೆಳಗಿನ ಜಾವ 3:54ಕ್ಕೆ. ನಡುವೆಯೂ ಪೂರ್ತಿ ಕತ್ತಲಾಗುವುದಿಲ್ಲ. ಅಪ್ಪ ಸಂಧ್ಯಾವಂದನೆ ಯಾವಾಗ ಮಾಡುತ್ತಾರೆ, ಒಂಬತ್ತಕ್ಕೆ ಮಲಗುವವರು? ಮುಸ್ಸಂಜೆ ಹೊತ್ತಲ್ಲಿ ಮಲಗಬಾರದು, ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಬಾರದು ಅನ್ನುವ ಅಜ್ಜಿಯ ನಿಯಮ ಹಿಡಿದರೆ ಇಡೀ ರಾತ್ರಿ ಮಲಗುವ ಹಾಗೇ ಇಲ್ಲ. ಡಿಸೆಂಬರ್‌ನಲ್ಲಾದರೆ ಮೂರು ಗಂಟೆಯೊಳಗೆ ಮನೆ ಗುಡಿಸಿ ಮುಗಿಸಬೇಕು. ನಾನು ಇದಕ್ಕೊಂದು ದಾರಿ ಕಂಡುಕೊಂಡಿದ್ದೇನೆ. ಹೊರಗೆ ಏನೇ ಇರಲಿ, ಸಂಜೆ ಆರೂವರೆಗೆ ದೀಪ ಹಚ್ಚುತ್ತೇನೆ. ಬಿಸಿಲಿನಲ್ಲಿ ದೀಪ ಕಾಣುವುದೇ ಇಲ್ಲ, ಪುಟ್ಟಿ ಹತ್ತಿರ ಹೋಗಿ ಉರಿಯುತ್ತಿದೆಯಾ ಅಂತ ನೋಡಿ ಬರುತ್ತಾಳೆ.

ಹಾಗಾಗಿ ಆಗಸ್ಟ್‌ನಲ್ಲಿ ಬನ್ನಿ. ಆ ತಿಂಗಳ ಮಧ್ಯದಲ್ಲಿ ಒಂಬತ್ತೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಹತ್ತೂವರೆಗೆಲ್ಲ ಕತ್ತಲು. ಸಂಜೆ ಅನ್ನುವುದೊಂದು ಸಿಗುತ್ತದೆ, ಅದೂ ಉದ್ದದ ಸಂಜೆ. ಊರಿನ ಹಾಗೆ ಸೂರ್ಯ ದಡಕ್ಕನೆ ಬೀಳುವುದಿಲ್ಲ, ಓರೆಯಾಗಿ ಜಾರುತ್ತಾನೆ. ಕಾಡಿನಲ್ಲಿ ಕಪ್ಪು ನೀಲಿ ಹಣ್ಣು ಬಿಟ್ಟಿರುತ್ತವೆ, ಯಾರು ಬೇಕಾದರೂ ಕೊಯ್ಯಬಹುದು, ಕೇಳುವವರಿಲ್ಲ. ನೀನು ಸೆರಗು ಕಟ್ಟಿಕೊಂಡು ಇಳಿದರೆ ವಾಪಸು ಕರೆತರುವುದೇ ಕಷ್ಟ ಆದೀತು. ಅಪ್ಪ ತೋಟದ ಅಡಿಕೆಗೆ ಎರಡನೇ ಸಲದ ಕೊಳೆರೋಗದ ಔಷಧಿ ಹೊಡೆಸಿಯೇ ಹೊರಡಲಿ, ಚೌತಿಗೆ ವಾಪಸಾಗುವ ಹಾಗೆ ಟಿಕೆಟ್ ನೋಡುತ್ತೇನೆ.

ಒಂದು ವಿಷಯ. ಡಿಸೆಂಬರ್‌ನ ಭಾನುವಾರಗಳಲ್ಲಿ ನೀನು ಆರೂವರೆಗೆ ಫೋನ್ ಮಾಡುತ್ತಿದ್ದೆ, ದೀಪ ಹಚ್ಚಿ ಬಂದು. ಇಲ್ಲಿ ಆಗ ಮೂರು ಗಂಟೆ. ನಿನ್ನ ಹಿಂದೆ ಅಂಗಳ ಕಪ್ಪಾಗಿರುತ್ತಿತ್ತು, ನನ್ನ ಕಿಟಕಿಯಲ್ಲೂ ಸೂರ್ಯ ಮುಳುಗುತ್ತಿದ್ದ. ಇಬ್ಬರಿಗೂ ಒಂದೇ ಮುಸ್ಸಂಜೆ. ನಿನಗೆ ಹೇಳಿರಲಿಲ್ಲ, ಆ ಹದಿನೈದು ನಿಮಿಷಕ್ಕೆ ವಾರವಿಡೀ ಕಾಯುತ್ತಿದ್ದೆ.

ಈ ತಿಂಗಳ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ನಿನ್ನ ಆರೂವರೆ ನನಗೆ ನಾಲ್ಕಾಗುತ್ತದೆ, ಆಗ ಪುಟ್ಟಿ ಪಾರ್ಕಿನಿಂದ ಬರುವುದೇ ಇಲ್ಲ. ಎಂಟೂವರೆಗೆ ಮಾಡು. ಅಪ್ಪನ ಊಟ ಆ ಹೊತ್ತಿಗೆ ಆಗಿರುತ್ತದೆ ಅಲ್ವಾ?

ಅಜ್ಜಿಗೆ ನಮಸ್ಕಾರ.

ನಿನ್ನ ಮಗಳು